ಬಚ್ಚಲುಮನೆಗೆ ಬಂದ ಇರುವೆ

ಇರುವೆಗಳನ್ನು ಮೊದಲು ಕಂಡವಳು ಸೊಸೆ. ಬೆಳಿಗ್ಗೆ ಹಲ್ಲುಜ್ಜಲು ಹೋದವಳು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ಏನೋ ಕೂಗಿದಳು. ಬಾಯಿತುಂಬ ನೊರೆ ಇದ್ದದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಉಗಿದು ಬಂದು ಮತ್ತೆ ಹೇಳಿದಳು.

"ರೀ, ಬಚ್ಚಲುಮನೆ ತುಂಬಾ ಇರುವೆ!"

ಗಂಡ ಬಗ್ಗಿ ಷೂ ಕಟ್ಟಿಕೊಳ್ಳುತ್ತಿದ್ದ. ಅವನು ಶಾಲೆ ಬಸ್ಸಿನ ಡ್ರೈವರು. ಮಕ್ಕಳು ಹಾಸಿಗೆಯಿಂದ ಏಳುವ ಮೊದಲೇ ಅವನು ಬಸ್ಸಿನ ಬಳಿ ಇರಬೇಕು. "ಸಂಜೆ ನೋಡೋಣ ಬಿಡು" ಎಂದು ಬೀಗದಕೈ ಗೊಂಚಲು ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮೂರನೆಯ ಮಹಡಿಯ ಮನೆ ಅದು. ಎರಡು ಕೋಣೆ, ಒಂದು ಅಡುಗೆಮನೆ, ಇಡೀ ಮನೆಗೆ ಒಂದೇ ಬಚ್ಚಲುಮನೆ. ಸ್ನಾನವೂ ಅಲ್ಲೇ, ಕಮೋಡೂ ಅಲ್ಲೇ. ಒಂದು ಕೋಣೆ ಗಂಡ ಹೆಂಡತಿಯದು. ಇನ್ನೊಂದರಲ್ಲಿ ಮಗಳೂ ಅಜ್ಜಿಯೂ ಮಲಗುತ್ತಿದ್ದರು. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಮಗಳನ್ನು ಗುಬ್ಬಿ ಎಂದು ಕರೆದಿದ್ದರು. ಈಗ ಅವಳು ಅಮ್ಮನಿಗಿಂತ ಎತ್ತರ ಬೆಳೆದು ಕಾಲೇಜು ಸೇರಿದ್ದರೂ ಗುಬ್ಬಿ ಗುಬ್ಬಿಯೇ. ಅಜ್ಜಿ ಡ್ರೈವರನ ತಾಯಿ. ಆಯುಸ್ಸಿನ ಬಹುಪಾಲನ್ನು ಪುಸ್ತಕದ ಬೈಂಡಿಂಗ್ ಕೆಲಸದಲ್ಲಿ ಕಳೆದವಳು. ಗಂಡ ತೀರಿಕೊಂಡ ಮೇಲೆ, ಬೆರಳುಗಳು ಸೊಟ್ಟಗಾಗಿ ಕೆಲಸ ಬಿಟ್ಟ ಮೇಲೆ, ಒಂದು ಟ್ರಂಕಿನ ಜೊತೆ ಮಗನ ಮನೆಗೆ ಬಂದಿದ್ದಳು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅವಳ ದಬ್ಬಳ ಮತ್ತು ಮೇಣ ಹಚ್ಚಿದ ದಾರದ ಉಂಡೆಗಳಿದ್ದವು. ಗುಬ್ಬಿಯ ಹಳೆ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಹರಿದು ಹೊಸ ಪುಸ್ತಕ ಹೊಲಿಯುವುದು ಅವಳ ಹೊತ್ತು ಕಳೆಯುವ ದಾರಿ.

ಸೊಸೆ ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಷನ್ ಕೆಲಸ ಮಾಡುತ್ತಿದ್ದಳು. ಇಡೀ ದಿನ ಬೇರೆಯವರ ಪ್ಯಾಂಟಿನ ಕಾಲು ಮಡಚಿ ಹೊಲಿದು ಬಂದವಳು ಮನೆಗೆ ಬಂದ ಮೇಲೆ ಇರುವೆಗಳ ಮೇಲೆ ಯುದ್ಧ ಸಾರಿದಳು. ಕುದಿಯುವ ನೀರು ಸುರಿದಳು. ಫಿನಾಯಿಲ್ ಹಾಕಿದಳು. ಉಪ್ಪು ಚೆಲ್ಲಿದಳು. ಇರುವೆ ಸೀಮೆಸುಣ್ಣ ತಂದು ಬಾಗಿಲ ಸುತ್ತ ಗೆರೆ ಎಳೆದಳು. ಪೈಪಿನ ಹಿಂದಿನ ಬಿರುಕಿಗೆ ಬಿಳಿ ಸಿಮೆಂಟು ಮೆತ್ತಿಸಿದಳು. ಇರುವೆಗಳು ಕಾಣೆಯಾದವು, ಮನೆಯವರು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಮೂಲೆಯಿಂದ ಬಂದವು. ಸೋಪಿನ ಹತ್ತಿರ ಹೋಗಲಿಲ್ಲ, ಶಾಂಪೂ ಬಾಟಲಿ ಮೂಸಲಿಲ್ಲ. ನೆಟ್ಟಗೆ ಬಂದು ಕಮೋಡಿನ ಮುಂದಿನ ನೆಲದಲ್ಲಿ ಗುಂಪು ಕಟ್ಟುತ್ತಿದ್ದವು.

"ಅಲ್ಲೇನು ಪಾಯಸ ಇಟ್ಟಿದೀವಾ ಇವಕ್ಕೆ?" ಎಂದು ಸೊಸೆ ಪೊರಕೆ ಹಿಡಿದು ಗೊಣಗಿದಳು.

"ಅಮ್ಮಾ, ಅವಕ್ಕೂ ಬೆಳಿಗ್ಗೆ ಅರ್ಜೆಂಟಾಗಿರುತ್ತೆ" ಎಂದಳು ಗುಬ್ಬಿ. ಅಜ್ಜಿ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದಾದ ಮೇಲೆ ಬಹಳ ಕಾಲ ಆ ಮನೆಯಲ್ಲಿ ಅವಳು ಹಾಗೆ ನಗಲಿಲ್ಲ.

ಒಂದು ಭಾನುವಾರ ಸೊಸೆಯ ಅಕ್ಕ ಬಂದಳು. ಎಲ್ಲ ವಿಷಯವೂ ತಿಳಿದವಳು ಆಕೆ. ಯಾರ ಮನೆಗೆ ಹೋದರೂ ಕುಕ್ಕರಿನ ವಾಷರಿನಿಂದ ಹಿಡಿದು ಮಕ್ಕಳ ಮದುವೆವರೆಗೆ ಒಂದೊಂದು ಮಾತು ಹೇಳದೆ ಏಳುತ್ತಿರಲಿಲ್ಲ. ಬಚ್ಚಲುಮನೆಗೆ ಹೋಗಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಏನೇ ಇದು, ನಿಮ್ಮನೇಲಿ ಯಾರಿಗೋ ಸಕ್ಕರೆ ಕಾಯಿಲೆ ಇದೆ ಕಣೇ" ಎಂದಳು.

"ಏನು ಹಾಗಂದ್ರೆ?"

"ಹಾಗಂದ್ರೆ ಹಾಗೇ. ಮೂತ್ರದಲ್ಲಿ ಸಕ್ಕರೆ ಹೋದ್ರೆ ಇರುವೆ ಮುತ್ತುತ್ತೆ. ನಮ್ಮ ಮಾವನವರಿಗೆ ಗೊತ್ತಾಗಿದ್ದೇ ಹಾಗೆ."

ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ಅಜ್ಜಿ ಆಗ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದಿದ್ದಳು. ಅರ್ಧ ಬಿಸ್ಕತ್ತು ಕಳಚಿಕೊಂಡು ಲೋಟದೊಳಗೆ ಬಿತ್ತು.

"ನನಗಾ? ನನಗೇನಿಲ್ಲಮ್ಮ" ಎಂದಳು.

"ಇರೋರಿಗೆ ಗೊತ್ತಾಗೋದೇ ಇಲ್ಲ ಅತ್ತೆ" ಎಂದಳು ಸೊಸೆಯ ಅಕ್ಕ ಮೆತ್ತಗೆ. "ವಯಸ್ಸಾದ ಮೇಲೆ ಬರೋದೇ ಅಲ್ವಾ? ಒಂದು ಟೆಸ್ಟ್ ಮಾಡಿಸಿಬಿಡಿ."

"ಮಾಡಿಸೋಣಾ ರೀ?" ಎಂದು ಸೊಸೆ ಗಂಡನ ಮುಖ ನೋಡಿದಳು.

ಅವನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. "ಮಾಡಿಸೋಣ. ಈಗೇನು ಆತುರ? ಅಲ್ಲಿವರೆಗೆ ಸಕ್ಕರೆ ಕಮ್ಮಿ ಮಾಡಿದ್ರಾಯ್ತು" ಎಂದ.

ಮಾರನೆಯ ದಿನದಿಂದ ಅಜ್ಜಿಯ ಟೀಗೆ ಸಕ್ಕರೆ ಬೀಳಲಿಲ್ಲ. ಬಾಳೆಹಣ್ಣಿನ ಚಿಪ್ಪು ಅವಳ ಮುಂದಿನಿಂದ ಹಾದು ಗುಬ್ಬಿಯ ಮುಂದೆ ನಿಲ್ಲತೊಡಗಿತು. ಸೊಸೆ ಕೆಟ್ಟವಳಲ್ಲ, ಕೈ ಬಿಡುವಿಲ್ಲದವಳು ಅಷ್ಟೇ. ಹೇಳಬೇಕಾದ್ದನ್ನು ತರಕಾರಿ ಹೆಚ್ಚುತ್ತಲೇ, ತಲೆ ಎತ್ತದೆ ಹೇಳಿಬಿಡುತ್ತಿದ್ದಳು.

"ಅತ್ತೆ, ಹೋಗಿ ಬಂದ ಮೇಲೆ ಚೆನ್ನಾಗಿ ನೀರು ಹುಯ್ಯಿರಿ."

"ಹುಯ್ದೆನಮ್ಮ."

"ಇನ್ನೂ ಎರಡು ಚೊಂಬು ಜಾಸ್ತಿ ಹುಯ್ಯಿರಿ. ಬೆಳಿಗ್ಗೆ ಮತ್ತೆ ಮುತ್ಕೊಂಡಿತ್ತು."

"ಆಗಲಿ."

ಬಚ್ಚಲ ಬಾಗಿಲ ಪಕ್ಕದಲ್ಲಿ ನೆಲ ಒರೆಸುವ ಕೋಲೊಂದು ಬಂದು ನಿಂತಿತು. ಅದು ಯಾರಿಗೆಂದು ಯಾರೂ ಹೇಳಲಿಲ್ಲ. ಅಜ್ಜಿ ಪ್ರತಿ ಸಲ ಹೋಗಿ ಬಂದಾಗಲೂ ಬಗ್ಗಿ ನೆಲವನ್ನು ಒಣಗುವ ಹಾಗೆ ಒರೆಸಿ ಬರುತ್ತಿದ್ದಳು. ಒರೆಸುವಾಗ ಹೊರಗಿನಿಂದ ಬಾಗಿಲು ಬಡಿದರೆ, "ಬಂದೆ, ಬಂದೆ" ಎಂದು ಗಾಬರಿಯಿಂದ ಕೂಗುತ್ತಿದ್ದಳು. ಗುಬ್ಬಿ ಒಮ್ಮೆ ತಮಾಷೆಗೆ, "ದಾರಿ ಬಿಡಿ, ಇರುವೆಗಳ ಮಹಾರಾಣಿ ಬರ್ತಿದಾರೆ" ಎಂದಳು. ಅಜ್ಜಿ ತುಟಿ ಅಗಲ ಮಾಡಿ ಸುಮ್ಮನೆ ಹಾದು ಹೋದಳು.

ಆಮೇಲೆ ಅವಳೇ ಒಂದು ಉಪಾಯ ಕಂಡುಕೊಂಡಳು. ನೀರು ಕುಡಿದರೆ ತಾನೆ ಹೋಗಬೇಕಾದ್ದು? ಕೀಲುನೋವಿನ ಮಾತ್ರೆ ನುಂಗಲು ಒಂದು ಗುಟುಕು, ಊಟದ ಜೊತೆ ಇನ್ನೊಂದು ಗುಟುಕು. ಟೀ ಬೇಡವೆಂದಳು. ಸಕ್ಕರೆ ಇಲ್ಲದ್ದಕ್ಕೆ ಮುನಿಸೆಂದು ಸೊಸೆ ತಿಳಿದು, "ನಾನೇನು ಮಾಡ್ಲಿ ಅತ್ತೆ, ನಿಮ್ಮ ಒಳ್ಳೇದಕ್ಕೇ ತಾನೆ?" ಎಂದಳು. ಊಟದ ಕುರ್ಚಿ ಬೆನ್ನಿಗೆ ಒತ್ತುತ್ತದೆ ಎಂದು ಹೇಳಿ ಅಜ್ಜಿ ತಟ್ಟೆಯನ್ನು ಕೋಣೆಗೆ ಒಯ್ದು ಮಂಚದ ಮೇಲೆ ಕೂತು ತಿನ್ನತೊಡಗಿದಳು. ಯಾರಾದರೂ ಬಾ ಎನ್ನುತ್ತಾರೇನೋ ಎಂದು ಮೊದಮೊದಲು ಬಾಗಿಲನ್ನು ತೆರೆದಿಟ್ಟಿದ್ದಳು. ಹೊರಗೆ ತಟ್ಟೆ ಲೋಟದ ಸದ್ದು, ಟಿವಿಯ ಸದ್ದು, ಉಪ್ಪು ಕೊಡು ಎನ್ನುವ ಮಾತು. ಖಾಲಿಯಾದ ಕುರ್ಚಿಯ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಬಂದು ಕೂತಿತು. ಅವಳು ಬಾಗಿಲು ಮುಚ್ಚಿಕೊಂಡಳು.

ಆ ದಿನಗಳಲ್ಲಿ ಮಗ ಅವಳ ಕೋಣೆಗೆ ಬಂದದ್ದು ಎರಡೇ ಸಲ, ಎರಡು ಸಲವೂ ಬೆಲ್ಟು ಹಿಡಿದುಕೊಂಡು.

"ಅಮ್ಮಾ, ಇದಕ್ಕೊಂದು ತೂತು ಹಾಕ್ಕೊಡು."

ಅವಳು ಟ್ರಂಕು ತೆಗೆದು ದಬ್ಬಳ ಹುಡುಕಿ, ಬೆಲ್ಟನ್ನು ಮಂಚದ ಕಾಲಿಗೆ ಒತ್ತಿ ಹಿಡಿದು ಚುಚ್ಚಿದಳು. ಸೊಟ್ಟ ಬೆರಳಿಗೆ ಹಳೆಯ ಬಲ ಬಂದಂತಾಗಿತ್ತು. "ಸೊರಗಿದೀಯಲ್ಲೋ" ಎಂದಳು ಎರಡನೆಯ ಸಲ.

"ಎಂಜಿನ್ ಬಿಸಿ ಅಮ್ಮ. ಬೆವರಿ ಬೆವರಿ ಸಾಕಾಗುತ್ತೆ."

"ಸ್ವಲ್ಪ ಹೊತ್ತು ಕೂತ್ಕೋ."

"ಕೆಲಸ ಇದೆ" ಎಂದು ಹೊರಟುಹೋದ. ಆದರೂ ಮಗ ತನ್ನನ್ನು ಏನೋ ಒಂದು ಕೇಳಿ ಬಂದನಲ್ಲ ಎಂದು ಅವಳಿಗೆ ಸಂಜೆಯವರೆಗೂ ಮನಸ್ಸು ಹಗುರವಾಗಿತ್ತು.

ಗುಬ್ಬಿ ಪರೀಕ್ಷೆಗೆ ಓದಲೆಂದು ಮನೆಯಲ್ಲಿದ್ದ ಒಂದು ಮಧ್ಯಾಹ್ನ ಅಜ್ಜಿ ಒಣಗಿದ ಬಟ್ಟೆ ತೆಗೆಯುತ್ತ ನಿಂತಲ್ಲೇ ಕುಸಿದಳು. ಗುಬ್ಬಿ ಓಡಿಬಂದು ನೋಡಿದರೆ ತುಟಿ ಒಡೆದಿದೆ, ನಾಲಿಗೆ ಒಣಗಿ ಮಾತು ತೊದಲುತ್ತಿದೆ. ಮುಖಕ್ಕೆ ನೀರು ಚಿಮುಕಿಸಿ, ಎಬ್ಬಿಸಿ ಕೂರಿಸಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ತೋಳು ಹಿಡಿದು ಬೀದಿಯ ಕೊನೆಯ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು.

"ಇವರಿಗೆ ಸಕ್ಕರೆ ಕಾಯಿಲೆ ಇದೆ ಡಾಕ್ಟ್ರೇ" ಎಂದು ತಾನೇ ಮುಂದಾಗಿ ಹೇಳಿದಳು.

ಡಾಕ್ಟರು ಬೆರಳು ಚುಚ್ಚಿ ನೋಡಿದರು. ಇನ್ನೊಮ್ಮೆ ರಕ್ತ ತೆಗೆದು ಪಕ್ಕದ ಲ್ಯಾಬಿಗೆ ಕಳಿಸಿದರು. ಸಲೈನ್ ಬಾಟಲಿ ಏರಿಸಿ ಮಲಗಿಸಿದರು. ರಿಪೋರ್ಟು ಬಂದ ಮೇಲೆ, "ಯಾರಮ್ಮ ಹೇಳಿದ್ದು ನಿಂಗೆ? ಸಕ್ಕರೆ ಇಲ್ಲ, ಏನಿಲ್ಲ. ನಿಮ್ಮಜ್ಜಿ ಮೈಯಲ್ಲಿ ನೀರೇ ಇಲ್ಲ. ಅಜ್ಜೀ, ನೀರು ಕುಡಿಯಲ್ವಾ ನೀವು?" ಎಂದರು.

ಅಜ್ಜಿ ಬಾಟಲಿಯಿಂದ ಬೀಳುವ ಹನಿ ನೋಡುತ್ತ ಮಲಗಿದ್ದಳು.

ವಾಪಸು ಬರುವಾಗ ಗುಬ್ಬಿ ಕೇಳಿದಳು. "ಯಾಕಜ್ಜಿ ನೀರು ಕುಡೀತಿರಲಿಲ್ಲ?"

"ಕುಡಿದ್ರೆ ಹೋಗ್ಬೇಕಲ್ಲೇ."

ಗುಬ್ಬಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಅವಳು ರಸ್ತೆಯಲ್ಲೇ ನಿಂತು ಅಳತೊಡಗಿದಳು. "ಏ ಹುಚ್ಚಿ, ಜನ ನೋಡ್ತಾರೆ, ನಡಿ" ಎಂದು ಅಜ್ಜಿಯೇ ಅವಳ ಬೆನ್ನು ಸವರಿ ನಡೆಸಿಕೊಂಡು ಬರಬೇಕಾಯಿತು.

ಅವತ್ತು ಊಟಕ್ಕೆ ಗುಬ್ಬಿ ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ನೆಲಕ್ಕೆ ಹಾಕಿ ಅಜ್ಜಿಯನ್ನು ಕೂರಿಸಿದಳು.

"ಬಟ್ಟೆ ಯಾಕೆ ಎಸೆದೆ?" ಎಂದಳು ಅಮ್ಮ.

"ಅಜ್ಜಿಗೆ ಸಕ್ಕರೆ ಕಾಯಿಲೆ ಇಲ್ವಂತೆ. ಡಾಕ್ಟ್ರು ಹೇಳಿದ್ರು. ನಾವು ಬೈತೀವಿ ಅಂತ ನೀರು ಕುಡೀದೆ ಬಿದ್ದಿದ್ದು."

"ಬೈದಿದ್ದು ಯಾರು? ನಾನು ಬೈದೆನಾ ಅತ್ತೆ? ಒಂದು ದಿನ ಬೈದಿದೀನಾ, ಹೇಳಿ!"

"ಇಲ್ಲಮ್ಮ, ನೀನು ಬೈಲಿಲ್ಲ."

"ಕೋಲು ಇಟ್ಟಿದ್ದು ಯಾರಮ್ಮ?" ಎಂದಳು ಗುಬ್ಬಿ.

"ನೀನೇನು ಕಮ್ಮಿನಾ? ಮಹಾರಾಣಿ ಅಂದಿದ್ದು ಯಾರು?" ಸೊಸೆ ಗುಬ್ಬಿಯ ಕಡೆ ತಿರುಗಿದಳು. ಅನ್ನದ ಕೈ ತಟ್ಟೆಯಲ್ಲೇ ನಿಂತಿತು. "ಇವರಿಗೆ ಇಲ್ಲ ಅಂದ್ರೆ ಇರುವೆ ಯಾಕೆ ಬರುತ್ತೆ? ಸುಮ್ಮನೆ ಬರುತ್ತಾ?"

ಮಗ ಜಗ್ಗಿನಿಂದ ನೀರು ಬಗ್ಗಿಸಿಕೊಂಡು ಗಟಗಟನೆ ಕುಡಿದ. ಮತ್ತೆ ಬಗ್ಗಿಸಿಕೊಂಡ. ಅಜ್ಜಿ ಅವನ ಕೈಯನ್ನೇ ನೋಡುತ್ತಿದ್ದಳು. ಅಲ್ಲಿಂದ ಅವಳ ಕಣ್ಣು ಅವನ ಸೊಂಟಕ್ಕೆ ಇಳಿಯಿತು. ತಾನು ಚುಚ್ಚಿದ ತೂತುಗಳನ್ನೂ ದಾಟಿ ಬೆಲ್ಟಿನ ಬಾಲ ಜೋತು ಬಿದ್ದಿತ್ತು. ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

ಭಾನುವಾರ ಮಗ ನೀರಿನ ಟ್ಯಾಂಕು ನೋಡಲು ತಾರಸಿಗೆ ಹೋದಾಗ ಅಜ್ಜಿ ಮೆಟ್ಟಿಲು ಹತ್ತಿ ಹಿಂದೆಯೇ ಹೋದಳು. ಏದುಸಿರು ನಿಲ್ಲುವವರೆಗೆ ಕಾಯಲಿಲ್ಲ.

"ನಿಂಗೇ ಅಲ್ವೇನೋ ಅದು?"

ಅವನು ಟ್ಯಾಂಕಿನ ಮುಚ್ಚಳ ಹಿಡಿದುಕೊಂಡೇ ನಿಂತ. "ಯಾವುದು?"

"ಸುಳ್ಳು ಹೇಳ್ಬೇಡ. ನಾನು ನಿಮ್ಮಮ್ಮ."

ಅವನು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. "ಗೊತ್ತಾಗಿ ಬಹಳ ದಿನ ಆಯ್ತು. ಬೇರೆ ಕಡೆ ಟೆಸ್ಟ್ ಮಾಡಿಸಿದೆ."

"ಮಾತ್ರೆ ತಗೋತಿದೀಯಾ?"

"ಮನೇಲಿ ಎಲ್ಲಿಡ್ಲಿ? ಶಾಲೆಯವರಿಗೆ ಗೊತ್ತಾದ್ರೆ ಬಸ್ಸಿನಿಂದ ಇಳಿಸ್ತಾರೆ ಅಮ್ಮ. ರಜಾ ಶುರುವಾಗ್ಲಿ, ಆಮೇಲೆ ತೋರಿಸ್ಕೋತೀನಿ. ಅಲ್ಲಿವರೆಗೆ..." ಅವನು ತಾಯಿಯ ಮುಖ ನೋಡಲಿಲ್ಲ. "ಅಲ್ಲಿವರೆಗೆ ನಿಂಗೇ ಇದೆ ಅಂತ ಇರ್ಲಿ. ಆ ಡಾಕ್ಟ್ರು ಸರಿಯಾಗಿ ನೋಡಿಲ್ಲ ಅಂತ ಹೇಳು. ನಿಂಗೇನು ನಷ್ಟ?"

ಅವಳು ಅವನನ್ನೇ ದಿಟ್ಟಿಸಿದಳು. ತಾನು ಒರೆಸಿದ ನೆಲ, ಮುಚ್ಚಿಕೊಂಡ ಬಾಗಿಲು, ಎಲ್ಲವನ್ನೂ ಅವನು ಗೊತ್ತಿದ್ದೂ ನೋಡಿಕೊಂಡಿದ್ದ. ಆದರೂ ಅವಳು ಕೇಳಿದ್ದು ಬೇರೆಯೇ.

"ಕಣ್ಣು ಹೇಗಿದೆ?"

ಅವನು ಅಂಗೈಯಿಂದ ಕಣ್ಣು ಉಜ್ಜಿಕೊಂಡ. "ಸಂಜೆ ಮೇಲೆ ಸ್ವಲ್ಪ ಮಂಜು. ಮೊನ್ನೆ ತಿರುವಿನಲ್ಲಿ ಚಕ್ರ ಫುಟ್‌ಪಾತ್ ಹತ್ತಿತು. ಯಾರಿಗೂ ಏನೂ ಆಗಲಿಲ್ಲ."

"ಒಳಗೆ ಮಕ್ಕಳಿದ್ರಾ?"

"ಇದ್ರು."

"ನೀನೇ ಹೇಳು" ಎಂದಳು ಅವಳು. "ಇವತ್ತೇ ಹೇಳು, ನಿನ್ನ ಹೆಂಡತಿಗೆ. ನನ್ನ ಮೇಲೆ ಎಷ್ಟು ಬೇಕಾದ್ರೂ ಹಾಕು, ಹೊತ್ಕೋತೀನಿ. ಇದನ್ನ ಹೊರೋಕೆ ನನ್ನ ಕೈಲಾಗಲ್ಲ."

ಅವನು ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಎಂದಿನಂತೆ ಷೂ ಕಟ್ಟಿಕೊಂಡ. ಸೊಸೆ ಬ್ರೆಡ್ಡು ಸುಡುತ್ತಿದ್ದಳು, ಗುಬ್ಬಿ ಜಡೆ ಹಾಕಿಕೊಳ್ಳುತ್ತಿದ್ದಳು. ಅವನು ಬೀಗದಕೈಗೆ ಕೈ ಚಾಚಿದಾಗ ಅಜ್ಜಿ ಕೋಣೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಇವನಿಗೆ ಸಕ್ಕರೆ ಕಾಯಿಲೆ ಇದೆ. ಕಣ್ಣು ಮಂಜಾಗಿದೆ. ಇವತ್ತು ಬಸ್ಸು ಹತ್ತಬಾರದು" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಅಮ್ಮಾ!"

ಸೊಸೆ ಇಕ್ಕಳ ಹಿಡಿದುಕೊಂಡೇ ಬಂದಳು. "ಏನಂದ್ರಿ ಅತ್ತೆ?" ಗಂಡನ ಕಡೆ ತಿರುಗಿದಳು. "ನಿಜಾನಾ?"

"ಅವರಿಗೇನು ಗೊತ್ತು? ವಯಸ್ಸಾಗಿ..."

"ನಿಜಾನಾ ಅಂತ ಕೇಳಿದೆ."

ಅವನು ಷೂ ನೋಡುತ್ತ ನಿಂತ. ಅವಳಿಗೆ ಅಷ್ಟೇ ಸಾಕಾಯಿತು. "ಕಮೋಡಿನ ಮುಂದೆ ನೆಲದ ಮೇಲೆ! ನಿಂತ್ಕೊಂಡು ಹೋಗೋರು ಈ ಮನೇಲಿ ನೀವೊಬ್ಬರೇ. ದಿನಾ ಗುಡಿಸಿದೀನಿ, ನನ್ನ ತಲೆಗೆ ಹೊಳೀಲಿಲ್ವಲ್ಲ! ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮಮ್ಮ ಬಗ್ಗಿ ನೆಲ ಒರೆಸೋದನ್ನ ನೋಡ್ತಾ ಕೂತಿದ್ರಿ. ನನ್ನ ಕೈಯಿಂದ ಆ ಕೋಲು ಇಡಿಸಿದ್ರಿ!"

"ಕೆಲಸ ಹೋದ್ರೆ ನೀನು ಸಾಕ್ತೀಯಾ ಎಲ್ರನ್ನೂ?"

"ಸಾಕ್ತೀನಿ! ಕಣ್ಣು ಹೋದ್ಮೇಲೂ ನಾನೇ ತಾನೆ ಸಾಕ್ಬೇಕು?"

"ಅಪ್ಪಾ, ಬಸ್ಸಲ್ಲಿ ಮಕ್ಕಳಿರ್ತಾರೆ" ಎಂದಳು ಗುಬ್ಬಿ ಸಣ್ಣಗೆ. ಒಲೆಯ ಮೇಲೆ ಬ್ರೆಡ್ಡು ಕರಿದಾಗಿ ಹೊಗೆ ತುಂಬಿತು. ಅವನು ಗೊಂಚಲನ್ನು ಮೇಜಿನ ಮೇಲೆ ಎಸೆದು ತಾಯಿಯ ಕಡೆ ಒಮ್ಮೆ ನೋಡಿ ಕೋಣೆಯೊಳಗೆ ಹೋದ. ಆ ನೋಟ ಅವಳ ಎದೆಯಲ್ಲಿ ಬಹಳ ದಿನ ಕೂತಿತ್ತು.

ವಿಷಯ ತಿಳಿದರೂ ಶಾಲೆಯವರು ಅವನನ್ನು ಕೆಲಸದಿಂದ ಪೂರ್ತಿ ಬಿಡಿಸಲಿಲ್ಲ. ಸಕ್ಕರೆ ಹತೋಟಿಗೆ ಬಂದು, ಕಣ್ಣಿನ ಡಾಕ್ಟರು ಸರಿ ಎಂದು ಬರೆದುಕೊಡುವವರೆಗೆ ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದರು. ಬಸ್ಸು ತೊಳೆಯುವುದು, ಟೈರಿಗೆ ಗಾಳಿ ನೋಡುವುದು, ಗೇಟಿನಲ್ಲಿ ನಿಲ್ಲುವುದು ಅವನ ಪಾಲಿಗೆ ಬಂತು. ಸೊಸೆ ಅಂಗಡಿಯಲ್ಲಿ ಹೆಚ್ಚು ಹೊತ್ತು ನಿಂತು ಕೆಲಸ ಮಾಡತೊಡಗಿದಳು. ಮಾತ್ರೆಯ ಪಟ್ಟಿ ಈಗ ಊಟದ ಮೇಜಿನ ನಟ್ಟನಡುವೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿತ್ತು. ಇರುವೆಗಳು ಯಾವಾಗ ಹೋದವೆಂದು ಯಾರೂ ಗಮನಿಸಲಿಲ್ಲ. ಸೊಸೆ ಕ್ಷಮಿಸಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಜ್ಜಿಯ ಟೀಗೆ ಸಕ್ಕರೆ ಹಾಕುವಾಗ ಚಮಚ ತುಂಬಿ ಚೆಲ್ಲುವಷ್ಟು ಹಾಕುತ್ತಿದ್ದಳು. "ಸಾಕಮ್ಮ, ಹೀಗೆ ಹಾಕಿದ್ರೆ ನನಗೂ ಬರುತ್ತೆ" ಎಂದರೆ ಮುಖ ತಿರುಗಿಸಿ ಮೂಗು ಸೀಟುತ್ತಿದ್ದಳು.

ಮಗ ಮಾತ್ರ ತಾಯಿಯ ಜೊತೆ ಮಾತು ಬಿಟ್ಟ. ಜಗಳವಾಡಲಿಲ್ಲ, ತಟ್ಟೆ ಸರಿಸಲಿಲ್ಲ. ಅವಳ ಎದುರು ಕುರ್ಚಿಯಲ್ಲೇ ಕೂತು ಉಂಡು, ಅವಳು ಅಲ್ಲಿಲ್ಲವೇನೋ ಎಂಬಂತೆ ಎದ್ದುಹೋಗುತ್ತಿದ್ದ. "ಅಜ್ಜಿಗೆ ಫ್ಯಾನು ಹಾಕ್ಬೇಕಾ ಕೇಳು" ಎಂದು ಗುಬ್ಬಿಗೆ ಹೇಳುತ್ತಿದ್ದ, ಅಜ್ಜಿ ಪಕ್ಕದಲ್ಲೇ ಇರುವಾಗ. "ಬೇಡ ಅಂತ ಹೇಳು" ಎಂದು ಅವಳೂ ಗುಬ್ಬಿಗೇ ಹೇಳುತ್ತಿದ್ದಳು. ಮೊದಲು ಬಾಗಿಲು ಮುಚ್ಚಿಕೊಂಡು ಒಬ್ಬಳೇ ಉಂಡದ್ದಕ್ಕಿಂತ ಈಗ ಎಲ್ಲರ ನಡುವೆ ಕೂತು ಉಣ್ಣುವುದು ಅವಳಿಗೆ ಕಷ್ಟವಾಯಿತು.

ಕಣ್ಣಾಸ್ಪತ್ರೆಗೆ ಹೋಗುವ ದಿನ ಬಂತು. ಔಷಧಿ ಬಿಟ್ಟ ಮೇಲೆ ಕಣ್ಣು ಕಾಣುವುದಿಲ್ಲ, ಜೊತೆಗೆ ಯಾರಾದರೂ ಇರಲೇಬೇಕು ಎಂದಿದ್ದರು. ಸೊಸೆಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ. ಗುಬ್ಬಿಗೆ ಪರೀಕ್ಷೆ.

"ಅತ್ತೆ ಬರ್ತಾರೆ" ಎಂದಳು ಸೊಸೆ, ಇಬ್ಬರ ಮುಖವನ್ನೂ ನೋಡದೆ.

ಆಸ್ಪತ್ರೆಯ ಬೆಂಚಿನ ಮೇಲೆ ತಾಯಿ ಮಗ ಅಕ್ಕಪಕ್ಕ ಕೂತರು. ನರ್ಸು ಮತ್ತೆ ಮತ್ತೆ ಬಂದು ಹನಿ ಬಿಟ್ಟು ಹೋದಳು. ಒಳಗೆ ಡಾಕ್ಟರು ಬಹಳ ಹೊತ್ತು ನೋಡಿ, "ಸರಿಯಾದ ಸಮಯಕ್ಕೆ ಬಂದ್ರಿ. ಇನ್ನೂ ತಡ ಮಾಡಿದ್ರೆ ಕಷ್ಟ ಆಗ್ತಿತ್ತು" ಎಂದರು. ಯಾರಿಗೆ ಹೇಳಿದರೋ, ಇಬ್ಬರೂ ತಲೆ ಆಡಿಸಿದರು.

ಹೊರಗೆ ಬಂದರೆ ಬಿಸಿಲು ರಾಚುತ್ತಿತ್ತು. ಮಗ ಕಣ್ಣು ಬಿಡಲಾರದೆ ಗೋಡೆ ತಡವಿದ. ಅವಳು ಕೈ ಚಾಚಿದಳು. ಅವನು ಕೈ ಹಿಡಿಯಲಿಲ್ಲ, ಅವಳ ಭುಜದ ಮೇಲೆ ಬೆರಳ ತುದಿ ಇಟ್ಟ.

"ಮೆಟ್ಟಿಲಾ?" ಎಂದ ಸ್ವಲ್ಪ ಹೊತ್ತಿನ ಮೇಲೆ.

"ಮೆಟ್ಟಿಲು. ಇಳಿ. ಇನ್ನೊಂದಿದೆ."

ಅಷ್ಟು ದಿನಗಳ ಮೇಲೆ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ಬೆರಳ ತುದಿ ಇದ್ದಲ್ಲಿ ಅಂಗೈ ಬಂತು. ಅವಳಿಗೆ ಭುಜ ನೋಯುತ್ತಿತ್ತು, ಹೇಳಲಿಲ್ಲ. ರಸ್ತೆ ದಾಟಲು ನಿಂತಾಗ ದೂರದಲ್ಲಿ ಒಂದು ಎಂಜಿನ್ನು ಮೊರೆಯಿತು. ಅವನು ಕತ್ತು ಎತ್ತಿದ.

"ನಮ್ಮ ಬಸ್ಸು."

"ಹೌದು, ಹಳದಿದು."

"ಗೇರು ತಡವಾಗಿ ಹಾಕ್ತಾನೆ ಇವನು" ಎಂದ. ಆಮೇಲೆ, "ಮಕ್ಕಳಿದಾರಾ?"

"ತುಂಬ ಇದಾರೆ. ಕಿಟಕೀಲಿ ಒಂದು ಹುಡುಗಿ ಕೈ ಬೀಸ್ತಿದಾಳೆ."

"ಯಾರಿಗೆ?"

"ನಿಂಗೇ ಇರ್ಬೇಕು ಕಣೋ."

ಅವನು ಕೈ ಎತ್ತಿ ಬೀಸತೊಡಗಿದ. ಬೀಸುತ್ತಿದ್ದದ್ದು ಮುಚ್ಚಿದ ಅಂಗಡಿಯೊಂದರ ಷಟರಿನ ಕಡೆಗೆ. ಅವಳು ಅವನ ಮೊಣಕೈ ಹಿಡಿದು ಮೆಲ್ಲಗೆ ರಸ್ತೆಯ ಕಡೆ ತಿರುಗಿಸಿದಳು. ಅಷ್ಟರಲ್ಲಿ ಬಸ್ಸು ತಿರುವು ದಾಟಿ ಹೋಗಿತ್ತು. ಅವನು ಇನ್ನೂ ಬೀಸುತ್ತಿದ್ದ. ಅವಳು ಅದನ್ನು ಅವನಿಗೆ ಹೇಳಲಿಲ್ಲ.